ಒಂದೇ ಹಾಡಿನ ದೊಡ್ಡಪ್ಪ

ಅಕ್ಕನ ಮದುವೆಯ ರಿಸೆಪ್ಶನ್. ಚಿಂಚೋಳಿಯ ಕಲ್ಯಾಣ ಮಂಟಪ ತುಂಬಿತ್ತು. ಬೆಂಗಳೂರಿನಿಂದ ನನ್ನ ಆಫೀಸಿನ ಆರು ಜನ ಗೆಳೆಯರು ರಾತ್ರಿ ಬಸ್ಸು ಹತ್ತಿ ಬಂದಿದ್ದರು. ಡಿಜೆ ಜೋರಾಗಿ ನಡೆದಿತ್ತು. ಅಷ್ಟರಲ್ಲಿ ನಮ್ಮ ದೊಡ್ಡಪ್ಪ ಸ್ಟೇಜ್ ಹತ್ತಿ ಮೈಕ್ ಕೈಗೆ ತಗೊಂಡರು. ಗಂಟಲು ಸರಿ ಮಾಡಿಕೊಂಡು, ಅರವತ್ತರ ದಶಕದ ಒಂದು ಹಿಂದಿ ಹಾಡು ಶುರು ಮಾಡಿಯೇಬಿಟ್ಟರು. ಬರೀ ಹಾಡಿದ್ದರೆ ಆಗುತ್ತಿತ್ತು. ಹಾಡುತ್ತಾ ತಲೆ ಕೊಡವಿ, ಮೊಣಕಾಲು ಬಗ್ಗಿಸಿ, ಭುಜ ಕುಣಿಸಿ... ನನ್ನ ಗೆಳೆಯರು ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದರು. ಒಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನಕ್ಕ.

ನನಗೆ ಮೈಯೆಲ್ಲಾ ಮುಜುಗರ. ಸ್ಟೇಜ್ ಹತ್ತಿರ ಹೋಗಿ ಡಿಜೆಗೆ ಕೈಸನ್ನೆ ಮಾಡಿದೆ. ಮೈಕ್ ಬಂದ್ ಆಯಿತು. ದೊಡ್ಡಪ್ಪ ಮೈಕ್ ತಟ್ಟಿ ತಟ್ಟಿ ನೋಡುತ್ತಿದ್ದಾಗ ನಾನೇ ಹೇಳಿದೆ: "ಸಾಕ್ ಮಾಡ್ರಿ ದೊಡ್ಡಪ್ಪಾ. ಅದು ರಫಿ ಹಾಡು, ನಿಮ್ದಲ್ಲ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಆತ್ ಬಿಡು ತಮ್ಮಾ, ನಿಮ್ಮ ಹಾಡು ಹಚ್ರಿ" ಅಂದು ಇಳಿದುಹೋದರು. ಊಟದ ಪಂಕ್ತಿಯಲ್ಲಿ ಅವರೇ ನಿಂತು ನನ್ನ ಗೆಳೆಯರ ತಟ್ಟೆಗೆ ಹೋಳಿಗೆ, ಅದರ ಮೇಲೆ ತುಪ್ಪ ಹಾಕಿಸಿದರು. ಬೇಜಾರು ಮಾಡಿಕೊಂಡವರ ಥರ ಕಾಣಲಿಲ್ಲ. ಹಾಗಾಗಿ ನಾನೂ ಮರೆತುಬಿಟ್ಟೆ.

ಹಗಲು ಮುನೀಮ, ರಾತ್ರಿ ರಫಿ

ದೊಡ್ಡಪ್ಪ ಅಂದ್ರೆ ನಮ್ಮಪ್ಪನ ಅಣ್ಣ. ಜೀವಮಾನವೆಲ್ಲಾ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ನಮ್ಮ ಕಡೆ ತೊಗರಿ ಬಿಟ್ಟರೆ ಬೇರೆ ಮಾತಿಲ್ಲ, ನಿಮಗೂ ಗೊತ್ತಿರಬೇಕು. ತೂಕದ ಚೀಟಿ, ಚೀಲದ ಲೆಕ್ಕ, ಹಮಾಲರ ಕೂಲಿ, ಇದು ಅವರ ಹಗಲು. ರಾತ್ರಿ ಮಾತ್ರ ಬೇರೆ ಮನುಷ್ಯ. 1970ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಅವರೊಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದರು. ಗಣೇಶ ಹಬ್ಬ, ಮದುವೆ, ಜಾತ್ರೆ, ಎಲ್ಲಿ ಕರೆದರೂ ಹೋಗೋದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಇತ್ತ ತಾಂಡೂರಿನವರೆಗೂ. ಒಂದು ಅಕಾರ್ಡಿಯನ್, ಒಂದು ಬೆಂಜೋ, ಬೊಂಗೋ, ಢೋಲಕ್, ಮತ್ತೆ ಎಲ್ಲರ ಪ್ರೀತಿಯ ಈಕೋ ಮಷಿನ್.

ಆ ಕಾಲದ ಆರ್ಕೆಸ್ಟ್ರಾದಲ್ಲಿ ಯಾರಿಗೂ ಸ್ವಂತ ಹೆಸರಿರುತ್ತಿರಲಿಲ್ಲ. ಒಬ್ಬ ಕಿಶೋರ್, ಒಬ್ಬ ಮುಕೇಶ್, ಒಬ್ಬಾಕೆ ಲತಾ. ನಮ್ಮ ದೊಡ್ಡಪ್ಪ ರಫಿ. ಪೋಸ್ಟರಿನಲ್ಲಿ 'ವಾಯ್ಸ್ ಆಫ್ ರಫಿ' ಅಂತ ದಪ್ಪ ಅಕ್ಷರ, ಕೆಳಗೆ ಸಣ್ಣದಾಗಿ ಅವರ ಹೆಸರು. ಅವರ ಹೆಸರುವಾಸಿ ಹಾಡು ಒಂದೇ: 'ಗುಮ್ನಾಮ್' ಚಿತ್ರದ 'ಜಾನ್ ಪೆಹಚಾನ್ ಹೋ'. ಇವತ್ತಿಗೂ ಬಸ್ ಸ್ಟ್ಯಾಂಡ್ ಹತ್ತಿರ ಹಳಬರು ಸಿಕ್ಕರೆ ಅವರನ್ನು ಕರೆಯೋದು ಹೆಸರಿನಿಂದಲ್ಲ, "ಏ ಜಾನ್ ಪೆಹಚಾನ್!" ಅಂತಲೇ.

ಇದಿಷ್ಟೂ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ವಿಶೇಷ ಏನೂ ಕಂಡಿರಲಿಲ್ಲ. ಇನ್ನೊಬ್ಬರ ಹಾಡು ಹಾಡೋದು ಯಾವ ದೊಡ್ಡ ಸಾಧನೆ ಅಂತ ನನ್ನ ಲೆಕ್ಕ.

ಬೀಟಲ್ಸ್ ಅಲ್ಲದ ಬೀಟಲ್ಸ್

ಮದುವೆ ಮುಗಿದು ಒಂದು ವರ್ಷವಾಗಿತ್ತು. ಒಂದು ಸಂಜೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಯಾಬಿನೊಳಗೆ ಕೂತಿದ್ದೆ. ಕಿವಿಯಲ್ಲಿ ಆ್ಯಪ್ ತನ್ನ ಪಾಡಿಗೆ ತಾನು ಹಳೇ ಇಂಗ್ಲಿಷ್ ಹಾಡು ಹಾಕುತ್ತಿತ್ತು. ಒಂದು ಹಾಡು ಬಂತು. ಅದೇ ಗಿಟಾರ್, ಅದೇ ಕೂಗು, ಜಾನ್ ಲೆನನ್‌ನದೇ ಗಂಟಲು. ನಾನು ಕೇಳಿರದ ಬೀಟಲ್ಸ್ ಹಾಡು ಇದ್ಯಾವುದಪ್ಪಾ ಅಂತ ಫೋನ್ ತೆಗೆದು ನೋಡಿದೆ. ಹಾಡು 'ಲೈಸ್'. ಹಾಡಿದವರು 'ದಿ ನಿಕರ್‌ಬಾಕರ್ಸ್'.

ಯಾರಿವರು? ಅಮೆರಿಕದ ನ್ಯೂಜೆರ್ಸಿ ರಾಜ್ಯದ ಬರ್ಗನ್‌ಫೀಲ್ಡ್ ಅನ್ನೋ ಊರಿನ ನಾಲ್ಕು ಹುಡುಗರು. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಎಡ್ ಸಲಿವನ್ ಶೋದಲ್ಲಿ ಹಾಡಿದರು. ಅವತ್ತು ಟಿವಿ ಮುಂದೆ ಕೂತವರು ಸುಮಾರು 7.3 ಕೋಟಿ ಜನ. ಮರುದಿನದಿಂದ ಗಿಟಾರ್ ಹಿಡಿದ ಪ್ರತಿ ಹುಡುಗನಿಗೂ ಅವರ ಹಾಗೇ ಆಗಬೇಕು. ಸಾವಿರಾರು ಗುಂಪುಗಳು ಹುಟ್ಟಿಕೊಂಡವು, ಅಷ್ಟೇ ಬೇಗ ಮಾಯವಾದವು. ನಿಕರ್‌ಬಾಕರ್ಸ್ ಮಾತ್ರ ಆ ಧ್ವನಿಯನ್ನು ಎಷ್ಟು ಕರಾರುವಾಕ್ಕಾಗಿ ಹಿಡಿದರೆಂದರೆ, ಇದು ಬೇರೆ ಹೆಸರಿನಲ್ಲಿ ಬೀಟಲ್ಸೇ ಮಾಡಿದ ಹಾಡು ಅಂತ ಕೇಳಿದವರು ನಂಬಿದ್ದರು. 1965ರ ಕೊನೆಗೆ ಬಂದ 'ಲೈಸ್' ಮುಂದಿನ ವರ್ಷದ ಆರಂಭದಲ್ಲಿ ಬಿಲ್‌ಬೋರ್ಡ್ ಪಟ್ಟಿಯಲ್ಲಿ 20ನೇ ಸ್ಥಾನಕ್ಕೆ ಏರಿತು. ಅದರ ನಂತರದ ಹಾಡು 46ಕ್ಕೇ ನಿಂತಿತು. ಆಮೇಲೆ ಜನ ಅವರ ಹೆಸರನ್ನೇ ಮರೆತರು.

ಗಮನಿಸಬೇಕಾದ ಸಂಗತಿ ಒಂದಿದೆ. 'ಲೈಸ್' ಬೀಟಲ್ಸ್ ಹಾಡಿನ ಕಾಪಿ ಅಲ್ಲ. ಗುಂಪಿನ ಬೋ ಚಾರ್ಲ್ಸ್ ಮತ್ತು ಬಡ್ಡಿ ರಾಂಡೆಲ್ ತಾವೇ ಬರೆದು, ರಾಗ ಕಟ್ಟಿದ ಹಾಡು. ಗಂಟಲು ಮಾತ್ರ ಇನ್ನೊಬ್ಬರದರ ಹಾಗೆ. ಸ್ವಂತ ಹಾಡು ಬರೆದೂ ಇನ್ನೊಬ್ಬರ ನೆರಳಾಗಿಯೇ ಉಳಿದರು. 1972ರಲ್ಲಿ ಇಂಥ ಮರೆತುಹೋದ ಗುಂಪುಗಳ 27 ಹಾಡು ಆರಿಸಿ 'ನಗೆಟ್ಸ್' ಅನ್ನೋ ಸಂಕಲನ ಬಂತು. ಅದರಲ್ಲಿ 'ಲೈಸ್' ಸೇರಿತ್ತು. ಅಲ್ಲಿಂದ ಅದಕ್ಕೆ ಎರಡನೇ ಆಯುಷ್ಯ. ನನ್ನ ಕಿವಿಗೆ ಬಿದ್ದದ್ದೂ ಬಹುಶಃ ಅದರ ಪುಣ್ಯ.

ಕ್ಯಾಬಿನಲ್ಲಿ ಕೂತು ಆ ಹಾಡನ್ನು ಮೂರು ಸಲ ಕೇಳಿದೆ. ಮೂರನೇ ಸಲ ದೊಡ್ಡಪ್ಪನ ಪೋಸ್ಟರ್ ನೆನಪಾಯಿತು. ದಪ್ಪ ಅಕ್ಷರದಲ್ಲಿ ಇನ್ನೊಬ್ಬರ ಹೆಸರು, ಸಣ್ಣಕ್ಷರದಲ್ಲಿ ತಮ್ಮದು.

ವಿಗ್ ಹಾಕಿದ ನಮ್ಮ ಹುಡುಗರು

ಮನೆಗೆ ಬಂದು 'ಜಾನ್ ಪೆಹಚಾನ್ ಹೋ' ಹಾಕಿ ನೋಡಿದೆ. ಇಷ್ಟು ವರ್ಷ ದೊಡ್ಡಪ್ಪನ ಬಾಯಲ್ಲಿ ಕೇಳಿದ್ದೆ ಹೊರತು ಸಿನಿಮಾದಲ್ಲಿ ಪೂರ್ತಿ ನೋಡಿರಲಿಲ್ಲ. ನೀವೂ ಒಮ್ಮೆ ನೋಡಿ. ಮುಖವಾಡ ಹಾಕಿದ ಕುಣಿತಗಾರರು, ನಡುವೆ ಲಕ್ಷ್ಮೀ ಛಾಯಾ ಅನ್ನೋ ನರ್ತಕಿಯ ಬಿರುಗಾಳಿಯಂಥ ಕುಣಿತ, ಹಿಂದೆ ಗಿಟಾರ್ ಹಿಡಿದ ಒಂದು ಗುಂಪು, ಮೈಕ್ ಮುಂದೆ ತಲೆ ಕೊಡವುತ್ತಾ ಹಾಡುವ ಒಬ್ಬ ಮನುಷ್ಯ. ಹಾಡುವ ಮನುಷ್ಯ ಹರ್ಮನ್ ಬೆಂಜಮಿನ್. ಅಸಲಿಗೆ ಅವರು ಆ ಹಾಡಿನ ನೃತ್ಯ ನಿರ್ದೇಶಕರು. ಧ್ವನಿ ಮೊಹಮ್ಮದ್ ರಫಿ ಅವರದು. ಹಿಂದೆ ನಿಂತ ಗುಂಪಿನ ಹೆಸರು 'ಟೆಡ್ ಲಯನ್ಸ್ ಆ್ಯಂಡ್ ಹಿಸ್ ಕಬ್ಸ್'.

ಇದೇ ಟೆಡ್ ಲಯನ್ಸ್ ಗುಂಪು ಅದೇ 1965ರಲ್ಲಿ ಶಮ್ಮಿ ಕಪೂರ್ ಅವರ 'ಜಾನ್ವರ್' ಚಿತ್ರದಲ್ಲೂ ಕಾಣಿಸುತ್ತದೆ. ಈ ಸಲ ತಲೆಗೆ ಬೀಟಲ್ಸ್ ಥರದ ವಿಗ್! ಹಾಡಿನ ಧಾಟಿಯೂ ಬೀಟಲ್ಸ್‌ನ 'ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್'ನಿಂದ ಎತ್ತಿದ್ದು. ಎರಡೂ ಚಿತ್ರಕ್ಕೆ ಸಂಗೀತ ಶಂಕರ್–ಜೈಕಿಶನ್ ಅವರದೇ. ಇದರಲ್ಲಿ ಶಂಕರ್ ಬೆಳೆದದ್ದು ಹೈದರಾಬಾದಿನಲ್ಲಿ. ನಮ್ಮ ಚಿಂಚೋಳಿಯೂ 1948ರವರೆಗೆ ನಿಜಾಮರ ಅದೇ ಸಂಸ್ಥಾನದೊಳಗಿತ್ತು. 'ಗುಮ್ನಾಮ್'ನಲ್ಲಿ ಮೆಹಮೂದ್ ಆಡೋದೂ ನಮ್ಮ ಕಿವಿಗೆ ಪರಿಚಯದ ಹೈದರಾಬಾದಿ ದಖನಿ. ನಮ್ಮ ಸಂತೆಯಲ್ಲಿ ಕೇಳುವ ಮಾತು ಬೊಂಬಾಯಿ ಸಿನಿಮಾದಲ್ಲಿ ಕೇಳಿದಾಗ ಟಾಕೀಸು ಹೇಗೆ ನಕ್ಕಿರಬೇಕು, ನೀವೇ ಊಹಿಸಿ.

ಅಂದರೆ ಬೀಟಲ್ಸ್ ಜ್ವರ ಲಿವರ್‌ಪೂಲಿನಿಂದ ಹೊರಟು, ನ್ಯೂಜೆರ್ಸಿ ಮುಟ್ಟಿ, ಬೊಂಬಾಯಿಗೆ ಬಂದು, ಅಲ್ಲಿಂದ ಸಿನಿಮಾ ಡಬ್ಬಿಯಲ್ಲಿ ರೈಲು ಹತ್ತಿ ವಾಡಿ ಜಂಕ್ಷನ್ ದಾಟಿ ನಮ್ಮ ಕಡೆಗೂ ಬಂತು. ಬರುವ ಹೊತ್ತಿಗೆ ಅದು ಎಷ್ಟನೇ ಕೈಯ ನಕಲಾಗಿತ್ತೋ ಏನೋ. ಅದನ್ನು ನೋಡಿ ಮತ್ತೊಂದು ನಕಲು ಮಾಡಿದವರು ನಮ್ಮ ದೊಡ್ಡಪ್ಪ.

ಬೆಂಗಳೂರಿನ ಟ್ರೋಜನ್ಸ್

ಅದೇ ಹೊತ್ತಿಗೆ ಬೆಂಗಳೂರಿನಲ್ಲೂ ಒಂದು ಗುಂಪಿತ್ತು, 'ದಿ ಟ್ರೋಜನ್ಸ್'. ಅದರಲ್ಲಿದ್ದ ಕೊಡವ ಹುಡುಗನ ಹೆಸರು ಬಿದ್ದು ಅಪ್ಪಯ್ಯ. ಹುಟ್ಟಿದ್ದು 1945ರಲ್ಲಿ, ಬೆಂಗಳೂರಲ್ಲೇ. ರೇಡಿಯೋ ಸಿಲೋನ್ ಕೇಳುತ್ತಾ ಬೆಳೆದು, ಗೆಳೆಯರನ್ನು ಸೇರಿಸಿಕೊಂಡು, ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಹಾಡುಗಳನ್ನು ಹೋಟೆಲು, ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. ಕಲ್ಕತ್ತಾ, ಬೊಂಬಾಯಿಗೂ ಹೋಗಿ ಬಂದರು. ಗುಂಪು ಒಡೆಯಿತು. ಬಿದ್ದು ಒಬ್ಬರೇ ಉಳಿದರು. ಆಮೇಲೆ ಲಂಡನ್ನಿಗೆ ಹೊರಟರು.

ಅಲ್ಲಿ ಹೊಟ್ಟೆಪಾಡಿಗೆ ಅಡುಗೆ ಕೆಲಸವನ್ನೂ ಮಾಡಿದರು. ನಿಧಾನವಾಗಿ ರೆಕಾರ್ಡಿಂಗ್ ಕೆಲಸ ಸಿಕ್ಕಿತು. 1974ರಲ್ಲಿ ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಾಸ್ ಅವರಿಗೆ ಒಂದು ರೆಕಾರ್ಡ್ ಮಾಡುವಾಗ, ಅದರ ಹಿಂಬದಿಗೆ ತುಂಬಲು ಒಂದು ಹಾಡು ಬೇಕಿತ್ತು. ಉಳಿದಿದ್ದ ಸ್ವಲ್ಪ ಹೊತ್ತಿನಲ್ಲೇ ಮುಗಿಸಿದ ಆ ಹಾಡು 'ಕುಂಗ್ ಫೂ ಫೈಟಿಂಗ್'. ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ 1. ಹಾಡಿದ ಕಾರ್ಲ್ ಡಗ್ಲಾಸ್ ಅದೊಂದೇ ಹಾಡಿನಿಂದ ಗುರುತಾದರು. ಬಿದ್ದು ಮಾತ್ರ ಮುಂದೆ ನಡೆದರು: 1980ರ 'ಕುರ್ಬಾನಿ' ಚಿತ್ರಕ್ಕೆ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ', 1995ರಲ್ಲಿ ಅಲೀಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ'. ನಿಮ್ಮ ಮನೆಯ ಮದುವೆಯಲ್ಲೂ ಇವುಗಳಲ್ಲಿ ಒಂದಾದರೂ ಬಾರಿಸಿರುತ್ತದೆ.

ಬಿದ್ದು ಅವರ ಮೊದಲ ಶಾಲೆಯೂ ನಕಲೇ. ನಿಕರ್‌ಬಾಕರ್ಸ್‌ಗೂ, ಟೆಡ್ ಲಯನ್ಸ್ ಹುಡುಗರಿಗೂ, ನಮ್ಮ ದೊಡ್ಡಪ್ಪಗೂ ಅದೇ ಶಾಲೆ. ಬಿದ್ದು ಅವರಿಗೆ ಆಮೇಲೊಂದು ಲಂಡನ್ ಸಿಕ್ಕಿತು, ಒಂದು ಸ್ಟುಡಿಯೋ ಬಾಗಿಲು ತೆರೆಯಿತು. ಪ್ರತಿಭೆ ಬೇಕು, ಇಲ್ಲ ಅನ್ನಲ್ಲ. ಆದರೆ ಎರಡನೇ ಹಾಡು ಹಾಡಲು ಒಂದು ಜಾಗವೂ ಬೇಕು. ದಾಲ್ ಮಿಲ್ಲಿನ ಮುನೀಮರಿಗೆ ಆ ಜಾಗ ಎಲ್ಲಿತ್ತು?

ಇನ್ನು 'ಜಾನ್ ಪೆಹಚಾನ್ ಹೋ' ಕಥೆ ಕೇಳಿ. 2001ರಲ್ಲಿ 'ಘೋಸ್ಟ್ ವರ್ಲ್ಡ್' ಅನ್ನೋ ಅಮೆರಿಕನ್ ಚಿತ್ರ ಈ ಹಾಡಿನಿಂದಲೇ ಶುರುವಾಗುತ್ತದೆ. ಒಬ್ಬ ಹುಡುಗಿ ತನ್ನ ಕೋಣೆಯಲ್ಲಿ ಇದರ ವಿಡಿಯೋ ಹಾಕಿಕೊಂಡು ಅದರಂತೆಯೇ ಕುಣಿಯುತ್ತಾಳೆ. 2011ರಲ್ಲಿ ಹೈನೆಕೆನ್ ಬಿಯರ್ ಜಾಹೀರಾತಿನಲ್ಲಿ ಬಂದು ಇದು ಪ್ರಪಂಚವೆಲ್ಲಾ ಸುತ್ತಿತು. ಪಶ್ಚಿಮದಿಂದ ಸಾಲ ತಂದ ಕುಣಿತ, ಮೂವತ್ತಾರು ವರ್ಷದ ಮೇಲೆ ಪಶ್ಚಿಮಕ್ಕೇ ಮರಳಿ ಹೋಗಿ ಅವರನ್ನೇ ಕುಣಿಸಿತು.

"ನಾ ರಫಿ ನಕಲ್ ಮಾಡೇ ಇಲ್ಲ"

ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮನೆಗೆ ಹೋದೆ. ಶಹಾಬಾದ್ ಕಲ್ಲು ಹಾಸಿದ ಪಡಸಾಲೆ. ಅವರು ಗೋಡೆಗೆ ಒರಗಿ ಕೂತಿದ್ದರು. 'ಘೋಸ್ಟ್ ವರ್ಲ್ಡ್'ನ ಆ ಹುಡುಗಿ ಕುಣಿಯುವ ತುಣುಕನ್ನು ಫೋನಿನಲ್ಲಿ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ನೋಡಿದರು. "ಈ ಹುಡುಗಿ ಕೈ ಬರೋಬ್ಬರಿ ಆಡಸ್ಲತ್ತಾಳ, ಕಾಲು ತಪ್ಪಲತ್ತಾಳ" ಅಂದರು. ಪರೀಕ್ಷಕರ ಹಾಗೆ!

ಮೆಲ್ಲಗೆ ಕೇಳಿದೆ: "ದೊಡ್ಡಪ್ಪಾ, ನೀವು ರಫಿ ಅವರದು ಇದೊಂದೇ ಹಾಡು ಯಾಕ ಹಿಡಿದ್ರಿ?"

ಅವರು ನಕ್ಕರು. "ನಾ ರಫಿ ನಕಲ್ ಮಾಡೇ ಇಲ್ಲ ತಮ್ಮಾ. ಕಲಬುರಗಿ ಟಾಕೀಸ್‌ನ್ಯಾಗ ಈ ಪಿಕ್ಚರ್ ಮತ್ತೊಮ್ಮಿ ಬಂದಾಗ ನನಗ ಹದಿನೇಳು. ಪಡದೆ ಮ್ಯಾಲ ತಲಿ ಕೊಡವಿ ಹಾಡ್ತಾನಲ್ಲ, ಅಂವನೇ ಹಾಡ್ತಾನಂತ ತಿಳಕೊಂಡಿದ್ದೆ. ಅಂವನ್ನ ನೋಡಿ ಕಲ್ತೆ. ರಫಿ ಸಾಹೇಬ್ರು ಹಾಡ್ಯಾರಂತ ಗೊತ್ತಾಗೋದ್ರಾಗ ಊರೆಲ್ಲಾ ನನಗ ರಫಿ ಅಂದುಬಿಟ್ಟಿತ್ತು."

ಹಾಗಾದರೆ ಮದುವೆ ದಿನ ನಾನು ಹೇಳಿದ ಮಾತು? ಅವರು ರಫಿ ಆಗಲು ಹೊರಟಿರಲೇ ಇಲ್ಲ. ಹದಿನೇಳರ ಹುಡುಗನಾಗಿ ಪರದೆಯ ಮೇಲೆ ಕಂಡ ಒಂದು ಸಂತೋಷವನ್ನು ಮೈಯಲ್ಲಿ ಇಟ್ಟುಕೊಂಡಿದ್ದರು ಅಷ್ಟೇ. ನಾನು ನಾಚಿಕೊಂಡ ಆ ತಲೆ ಕೊಡವುವಿಕೆಯೇ ಅವರ ಅಸಲಿ ಕಲಿಕೆ.

"ಸ್ವಂತ ಹಾಡು ಕಟ್ಟಬೇಕು ಅನ್ನಿಸಲಿಲ್ಲೇನ್ರೀ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಒಳಗಿನಿಂದ ದೊಡ್ಡಮ್ಮ ಚಹಾ ತಂದಿಟ್ಟವರು, "ಒಂದ್ ಇತ್ತಲ್ಲ, ತೊಗರಿ ಹೊಲದ್ದು" ಅಂದರು. ಆಗ ಹೊರಬಿತ್ತು. ಮಿಲ್ಲಿನಲ್ಲಿ ಚೀಲ ಎಣಿಸುತ್ತಾ ದೊಡ್ಡಪ್ಪ ಕನ್ನಡದಲ್ಲೇ ಒಂದು ಹಾಡು ಕಟ್ಟಿದ್ದರು. ಹೂ ಬಿಟ್ಟ ತೊಗರಿ ಹೊಲ, ದುಡಿಯಲಿಕ್ಕೆ ಬೊಂಬಾಯಿಗೆ ಹೋದ ಗಂಡ, ದಾರಿ ಕಾಯುವ ಹೆಂಡತಿ. ಅಕಾರ್ಡಿಯನ್‌ನವರ ಜತೆ ಕೂತು ಎರಡು ತಿಂಗಳು ರಿಯಾಜ್. ಶಹಾಬಾದಿನಲ್ಲಿ ಗಣೇಶ ಹಬ್ಬದ ಒಂದು ಪ್ರೋಗ್ರಾಮಿನಲ್ಲಿ ಧೈರ್ಯ ಮಾಡಿ ಶುರು ಮಾಡಿದರು.

"ಮೊದಲನೇ ಚರಣ ಮುಗೀಲಿಲ್ಲ. ಹಿಂದಿನಿಂದ ಒಬ್ಬ 'ಜಾನ್ ಪೆಹಚಾನ್!' ಅಂತ ಒದರಿದ. ಆಮ್ಯಾಲ ಎಲ್ಲರೂ ಒದರ್ಲತ್ತರು. ಸೀಟಿ ಹೊಡದ್ರು. ನಾ ಏನ್ ಮಾಡ್ಲಿ? ಅದೇ ಹಾಡಿದೆ. ವನ್ಸ್ ಮೋರ್ ಅಂದ್ರು. ಎರಡು ಸಲ ಹಾಡಿದೆ."

"ಆಮ್ಯಾಲ ನಿಮ್ಮ ಹಾಡು?"

"ಆಮ್ಯಾಲ ಹಾಡ್ಲಿಲ್ಲ."

ಅಷ್ಟು ಹೇಳಿ ಬಸಿಯೊಳಗೆ ಚಹಾ ಸುರುವಿಕೊಂಡರು. ಸಿಟ್ಟಿಲ್ಲ, ಅಳುವಿಲ್ಲ. ನನಗೆ ಮಾತ್ರ ಕಲ್ಯಾಣ ಮಂಟಪದ ಬಂದಾದ ಮೈಕ್ ನೆನಪಾಯಿತು. ಶಹಾಬಾದಿನ ಜನ ಅವರ ಸ್ವಂತ ಹಾಡನ್ನು ನಿಲ್ಲಿಸಿದ್ದರು. ಉಳಿದಿದ್ದ ಇನ್ನೊಂದು ಹಾಡನ್ನು ನಾನು ನಿಲ್ಲಿಸಿದೆ.

"ಅಕ್ಕನ ಮದುವಿದಾಗ ನಾ ತಪ್ಪು ಮಾಡಿದೆ ದೊಡ್ಡಪ್ಪಾ" ಅಂದೆ. ಅವರು ಕೈ ಅಲ್ಲಾಡಿಸಿದರು. "ಹೋಗ್ಲಿ ಬಿಡು. ನಿನ್ನ ದೋಸ್ತರು ಬಂದಿದ್ರು, ನಿನಗ ಶರಮ್ ಆಗಿರ್ತದ. ನನಗ ಗೊತ್ತಾಗಂಗಿಲ್ಲೇನು?" ಎಲ್ಲಾ ಗೊತ್ತಾಗಿತ್ತು ಅವರಿಗೆ. ಗೊತ್ತಾಗಿಯೂ ಅದೇ ದೋಸ್ತರಿಗೆ ಹೋಳಿಗೆ ಮೇಲೆ ತುಪ್ಪ ಹಾಕಿಸಿದ್ದರು.

ನಾಲ್ಕು ನಿಮಿಷದ ಫೈಲು

ಮರುದಿನ ಬೆಳಿಗ್ಗೆ ಫೋನ್ ರೆಕಾರ್ಡರ್ ಆನ್ ಮಾಡಿ ಅವರ ಮುಂದಿಟ್ಟೆ. ಫ್ಯಾನ್ ಬಂದ್ ಮಾಡಿದೆವು. ಮೊದಲು 'ಜಾನ್ ಪೆಹಚಾನ್ ಹೋ'. ಮೇಲಿನ ಸ್ವರ ಈಗ ಸಿಗೋದಿಲ್ಲ, ಅಲ್ಲಿ ಕೆಮ್ಮು ಬರುತ್ತದೆ. ಆದರೆ ತಲೆ ಮಾತ್ರ ಅದೇ ಲಯದಲ್ಲಿ ಕೊಡವಿತು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಆಮೇಲೆ ತೊಗರಿ ಹೊಲದ ಹಾಡು. ಪಲ್ಲವಿ ಪೂರ್ತಿ ನೆನಪಿತ್ತು. ಮೊದಲ ಚರಣವೂ. ಎರಡನೆಯದರಲ್ಲಿ ಶಬ್ದ ಮರೆತು ಗುನುಗಿದರು. ಮೂರನೆಯದು ಇತ್ತೋ ಇಲ್ಲವೋ ಅವರಿಗೇ ಖಾತ್ರಿ ಇಲ್ಲ. ಒಟ್ಟು ನಾಲ್ಕು ನಿಮಿಷ. ಅದು ಯಾರ ಹಾಗೂ ಕೇಳಿಸಲಿಲ್ಲ. ರಫಿ ಹಾಗೂ ಅಲ್ಲ, ಯಾರ ಹಾಗೂ ಅಲ್ಲ.

"ಯೂಟ್ಯೂಬಿಗೆ ಹಾಕ್ಲಾ?" ಅಂತ ಕೇಳಿದೆ. "ಬ್ಯಾಡ ಬ್ಯಾಡ. ಮೊದಲ ನಿಮ್ಮ ಅಕ್ಕಗ ಕಳಸು. ಅಕೀ ಮದುವಿಗೆ ಹಾಡಬೇಕಂತ ಇಟ್ಟಿದ್ದೆ, ಎರಡನೇ ನಂಬರಿಗೆ" ಅಂದರು.

ಅಂದರೆ ಅವತ್ತು ರಫಿ ಹಾಡಿನ ನಂತರ ತಮ್ಮದೊಂದು ಇತ್ತು. ನಾನು ಮೊದಲನೆಯದರಲ್ಲೇ ಮೈಕ್ ಬಂದ್ ಮಾಡಿಸಿದ್ದೆ.

ಫೈಲನ್ನು ಅಕ್ಕನಿಗೆ ಕಳಿಸಿದೆ. ಅರ್ಧ ಗಂಟೆಯ ಮೇಲೆ ಅವಳ ಫೋನ್ ಬಂತು. ನನ್ನ ಜತೆ ಮಾತಾಡಲಿಲ್ಲ. "ದೊಡ್ಡಪ್ಪಗ ಕೊಡು" ಅಂದಳು.

ನಮ್ಮ ಪ್ರತಿ ಊರಿನಲ್ಲೂ ಒಬ್ಬ ರಫಿ, ಒಬ್ಬ ರಾಜ್‌ಕುಮಾರ್, ಒಬ್ಬ ಕಿಶೋರ್ ಇದ್ದೇ ಇರುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅವರ ಹಳೇ ಹಾಡು ಒಮ್ಮೆ ಕೇಳಿ. ಅದು ಮುಗಿದ ಮೇಲೆ ಎದ್ದು ಹೋಗಬೇಡಿ. "ಮತ್ತೊಂದು ಐತೇನ್ರೀ?" ಅಂತ ಕೇಳಿ, ಕೂತಿರಿ.